ನೂರಕ್ಕೆ ಹತ್ತು

ಬಾಗಲಕೋಟೆಯಲ್ಲಿ ಮುಳುಗಡೆ ಪರಿಹಾರದ ಕೇಸು, ಅಂದರೆ ಆಲಮಟ್ಟಿ ಹಿನ್ನೀರಿಗೆ ಹೋದ ಹೊಲ-ಮನೆಯ ಪರಿಹಾರದ ಕೇಸು, ಅಂದರೆ ಸಾಕು, ಮುಂದಿನ ಪ್ರಶ್ನೆ ಇದೇ: "ವಕೀಲರಿಗೆ ಪರ್ಸೆಂಟೇಜ್ ಎಷ್ಟರಿ?"

ಗೆದ್ದ ಪರಿಹಾರದಲ್ಲಿ ವಕೀಲರು ಹೀಗೆ ಪಾಲು ಮಾತಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮ ನೇರವಾಗಿ ನಿಷೇಧಿಸುತ್ತದೆ. ತೀರ್ಪಿನ ಫಲದ ಮೇಲೆ ಫೀ ನಿಗದಿ ಮಾಡುವಂತಿಲ್ಲ, ಬಂದ ಹಣದಲ್ಲಿ ಪಾಲು ಮಾತಾಡುವಂತಿಲ್ಲ. ವಕೀಲ ಅಂಥ ಕರಾರು ಮಾಡಿಕೊಂಡರೆ ಅದು ವೃತ್ತಿ ದುರ್ನಡತೆ ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು. ಕಾರಣ ನನಗೂ ಒಪ್ಪಿಗೆಯೇ: ಪಾಲು ಸಿಗುವುದಿದ್ದರೆ ರಾಜಿ ಮಾಡಿಕೊಳ್ಳಬೇಕೋ ಬೇಡವೋ ಎಂಬ ಸಲಹೆ ಕಕ್ಷಿದಾರನ ಹಿತ ನೋಡಿ ಬರುತ್ತದೆ ಅಂತ ನಂಬುವುದು ಹೇಗೆ?

ಇದನ್ನೇ ನವನಗರದಲ್ಲಿ ಚಹಾ ಕುಡಿಯುತ್ತ ಕಾಕಾಗೆ ಹೇಳಿದೆ. "ನೂರಕ್ಕ ಹತ್ತು ಅಂದಾರ. ಸೋತ್ರ ಒಂದ್ ರೂಪಾಯಿನೂ ಬ್ಯಾಡಂತ. ಮೊದಲ ರೊಕ್ಕ ಇಡು ಅಂದ್ರ ನಾ ಎಲ್ಲಿಂದ ತರ್ಲಿ?" ಅಂದರು. ಹೊಲ ನೀರಿಗೆ ಹೋದವರ ಮುಂದೆ ನಿಯಮದ ನಂಬರು ಹೇಳುವುದು ನನಗೇ ನಾಚಿಕೆಯಾಯಿತು. ಅಮೆರಿಕದಲ್ಲಿ ಅಪಘಾತ ಪರಿಹಾರದ ಕೇಸುಗಳು ರಾಜಾರೋಷವಾಗಿ ಇದೇ ಕರಾರಿನ ಮೇಲೆ ನಡೆಯುತ್ತವೆ, ಅದು ಬೇರೆ ಮಾತು.

ನಮ್ಮಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ವಕೀಲರಿದ್ದಾರೆ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಆದಾಯ ಮಿತಿಯೊಳಗಿನವರಿಗೆ ಸಿಗುತ್ತದೆ. ಆದರೂ ಪರ್ಸೆಂಟೇಜ್ ನಿಂತಿಲ್ಲ. ಕಾಗದದ ಮೇಲೆ ಮಾತ್ರ ಯಾರೂ ಬರೆಯುವುದಿಲ್ಲ.