ಟವೆಲ್ ಹಾಕಿದ ಸೀಟು

“ಯಾವ ಕ್ಲೋನ್ ಹಾಕಿದ್ದು?”

ಲ್ಯಾಬ್ ಮೀಟಿಂಗಿನಲ್ಲಿ ನಮ್ಮ ಲ್ಯಾಬ್ ಮ್ಯಾನೇಜರ್ ಕೇಳಿದ್ದು ಇಷ್ಟೇ. ನಾನು ಉತ್ತರ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ಪೆನ್ನು ಕೆಳಗಿಟ್ಟರು. ಪರದೆ ಮೇಲೆ ನನ್ನ ನಾಲ್ಕು ತಿಂಗಳ ಕೆಲಸ ಇತ್ತು.

ನಾನು ಓದಿದ್ದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ. ಈಗ ಅಮೆರಿಕದಲ್ಲಿ, ದೊಡ್ಡ ಸರೋವರಗಳ ಕಡೆಯ ಒಂದು ಲ್ಯಾಬಿನಲ್ಲಿ ಫಂಗಸ್ ರೋಗಗಳಿಗೆ ಲಸಿಕೆ ಹುಡುಕುವ ತಂಡದಲ್ಲಿದ್ದೇನೆ. ದನದ ಡಾಕ್ಟರಿಗೆ ಅಲ್ಲೇನು ಕೆಲಸ ಅಂತ ಊರಲ್ಲಿ ಕೇಳುತ್ತಾರೆ. ದನಗಳಿಗೆ ಬರುವ ಹುಳುಕಡ್ಡಿಗೆ ಲಸಿಕೆ ಇದೆ. ಸೋವಿಯತ್ ವಿಜ್ಞಾನಿಗಳು ಮಾಡಿದ್ದು. ನಾರ್ವೆಯಲ್ಲಿ ಅದನ್ನು ಕೊಟ್ಟು ಕೊಟ್ಟಿಗೆಗಳಲ್ಲಿ ರೋಗವನ್ನು ತುಂಬಾ ಇಳಿಸಿದ್ದಾರೆ. ಮನುಷ್ಯರಿಗೆ? ಯಾವ ಫಂಗಸ್ ರೋಗಕ್ಕೂ ಮಂಜೂರಾದ ಲಸಿಕೆ ಇವತ್ತಿಗೂ ಒಂದೂ ಇಲ್ಲ.

ಇದು ನನಗೆ ಬರೀ ಕೆಲಸದ ಮಾತಲ್ಲ. 2021ರಲ್ಲಿ ಕೋವಿಡ್ ಆದ ಮೇಲೆ ನಮ್ಮ ಸೋದರಮಾವನಿಗೆ ಬ್ಲ್ಯಾಕ್ ಫಂಗಸ್ ಬಂತು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಸ್ಟೀರಾಯ್ಡ್ ಬೇರೆ ಕೊಟ್ಟಿದ್ದರು. ಆಂಫೋಟೆರಿಸಿನ್ ಇಂಜೆಕ್ಷನ್‌ಗೋಸ್ಕರ ತಮ್ಮ ಮೂರು ಊರು ಅಲೆದ. ನಾನು ಇಲ್ಲಿ ಫೋನ್ ಹಿಡಿದುಕೊಂಡು ಕೂತಿದ್ದೆ. ಮಾವ ಉಳಿದರು, ಎಡಗಣ್ಣು ಉಳಿಯಲಿಲ್ಲ.

ನಾವು ಕೆಲಸ ಮಾಡುವುದು ಬೇರೆ ಫಂಗಸ್ ಮೇಲೆ. ಹೆಸರು ಬ್ಲಾಸ್ಟೊಮೈಸಿಸ್. ಹೊಳೆ ದಂಡೆಯ ಒದ್ದೆ ಮಣ್ಣಲ್ಲಿ, ಕೊಳೆತ ಎಲೆ ಕಟ್ಟಿಗೆಯಲ್ಲಿ ಬೂಷ್ಟಿನ ಹಾಗೆ ಬೆಳೆಯುತ್ತದೆ. ಅದರ ಬೀಜಕಣ ಉಸಿರಲ್ಲಿ ಒಳಗೆ ಹೋದರೆ ಮೈಯ 37 ಡಿಗ್ರಿ ಬಿಸಿಗೆ ರೂಪವೇ ಬದಲಾಗಿ ಯೀಸ್ಟ್ ಆಗುತ್ತದೆ. ದಪ್ಪ ಗೋಡೆಯ ದುಂಡನೆ ಕೋಶ, ಪಕ್ಕದಲ್ಲಿ ಅಗಲ ಕುತ್ತಿಗೆಯ ಮರಿ. ಮೈಕ್ರೋಸ್ಕೋಪಿನಲ್ಲಿ ಒಮ್ಮೆ ನೋಡಿದವರು ಮರೆಯುವುದಿಲ್ಲ. 1984ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಶಾಲೆ ಮಕ್ಕಳು ಶಿಬಿರಕ್ಕೆ ಹೋಗಿ ಬೀವರ್ ಪ್ರಾಣಿಗಳು ಕಟ್ಟಿದ್ದ ಕೊಳದ ಹತ್ತಿರ ಆಡಿದ್ದರು. ಆಮೇಲೆ ಪರೀಕ್ಷೆ ಮಾಡಿದ 95 ಜನರಲ್ಲಿ 48 ಜನಕ್ಕೆ ಈ ರೋಗ ತಗುಲಿತ್ತು. ಇಲ್ಲಿನ ನಾಯಿಗಳಿಗಂತೂ ಇದು ಜಾಸ್ತಿ. ಮಣ್ಣು ಮೂಸುವ ಜೀವ, ಅಲ್ವಾ?

ಈ ಫಂಗಸ್‌ಗೆ ಬ್ಯಾಡ್1 ಅನ್ನುವ ಒಂದು ಪ್ರೋಟೀನ್ ಇದೆ. ಶ್ವಾಸಕೋಶದಲ್ಲಿ ಅಂಟಿಕೊಳ್ಳಲು, ನಮ್ಮ ರಕ್ಷಣೆಯನ್ನು ಮಂಕು ಮಾಡಲು ಅದೇ ಬೇಕು. ಅದರ ಜೀನ್ ತೆಗೆದುಹಾಕಿದರೆ ಯೀಸ್ಟ್ ಬದುಕಿರುತ್ತದೆ, ಆದರೆ ಇಲಿಗೆ ಕಾಯಿಲೆ ತರುವ ಶಕ್ತಿ ಹೋಗುತ್ತದೆ. ಆ ಯೀಸ್ಟನ್ನೇ ಇಲಿಯ ಚರ್ಮದ ಕೆಳಗೆ ಚುಚ್ಚಿದರೆ ಅದೇ ಲಸಿಕೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬ್ರೂಸ್ ಕ್ಲೈನ್ ಮತ್ತು ಮಾರ್ಸೆಲ್ ವುಟ್ರಿಕ್ 2000ದಲ್ಲಿ ಇದನ್ನು ತೋರಿಸಿದರು.

ಕಷ್ಟದ ಪ್ರಶ್ನೆ ಇರುವುದು ಇದರ ಆಚೆ. ಇಂಥ ಫಂಗಸ್‌ನಿಂದ ನಮ್ಮನ್ನು ಕಾಯುವ ಮುಖ್ಯ ಸೈನ್ಯ ಸಿಡಿ4 ಟಿ ಕೋಶಗಳು ಅನ್ನುವ ಒಂದು ಬಗೆಯ ಬಿಳಿ ರಕ್ತಕಣ. ಎಚ್‌ಐವಿ ಇರುವವರಲ್ಲಿ ಖಾಲಿಯಾಗುವುದೂ ಅವೇ. ಸಿಡಿ4 ಎಣಿಕೆ 100ಕ್ಕಿಂತ ಕೆಳಗೆ ಇಳಿದವರಿಗೆ ಮಿದುಳಿನ ಪೊರೆಗೆ ಫಂಗಸ್ ಹತ್ತುವ ಅಪಾಯ ತುಂಬಾ ಜಾಸ್ತಿ. ಅಂದರೆ ಲಸಿಕೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ, ಅವರ ಮೈಯಲ್ಲೇ ಲಸಿಕೆಗೆ ಬೇಕಾದ ಕೋಶ ಇಲ್ಲ. ಗಟ್ಟಿಮುಟ್ಟಾದ ಇಲಿಯಲ್ಲಿ ಲಸಿಕೆ ಫಲ ಕೊಟ್ಟಿತು ಅಂತ ಖುಷಿಪಟ್ಟರೆ ಇವರಿಗೆ ಏನೂ ಸಿಕ್ಕ ಹಾಗಾಗಲಿಲ್ಲ. ಸಿಡಿ4 ಇಲ್ಲದ ಇಲಿಯಲ್ಲೂ ಸಿಡಿ8 ಅನ್ನುವ ಇನ್ನೊಂದು ಬಗೆಯ ಟಿ ಕೋಶಗಳು ಆ ಕೆಲಸಕ್ಕೆ ಹೆಗಲು ಕೊಡಬಲ್ಲವು ಅಂತ ಅದೇ ತಂಡ 2003ರಲ್ಲಿ ತೋರಿಸಿತು. ಆ ದಾರಿಯಲ್ಲಿ ಒಂದು ಸಣ್ಣ ಹೆಜ್ಜೆ ಮುಂದೆ ಹೋಗುವುದು ನನ್ನ ಪಾಲಿನ ಕೆಲಸ.

ಮೊದಲು ಇಲಿಯ ಸಿಡಿ4 ಕೋಶಗಳನ್ನು ತೆಗೆಯಬೇಕು. ಅದಕ್ಕೆ ಜಿಕೆ1.5 ಅನ್ನುವ ಆಂಟಿಬಾಡಿಯನ್ನು ವಾರ ವಾರ ಚುಚ್ಚುತ್ತೇವೆ. ಅದು ಕೋಶಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಮೈಯೇ ಆ ಕೋಶವನ್ನು ನಾಶ ಮಾಡುತ್ತದೆ. ನಿಜವಾಗಿ ಹೋದವಾ ಅಂತ ನೋಡಲು ಬಾಲದಿಂದ ಒಂದೆರಡು ಹನಿ ರಕ್ತ ತೆಗೆದು, ಬಣ್ಣ ಕಟ್ಟಿದ ಇನ್ನೊಂದು ಆಂಟಿಬಾಡಿ ಹಾಕಿ, ಬಣ್ಣ ನೋಡಿ ಕೋಶ ಎಣಿಸುವ ಫ್ಲೋ ಸೈಟೋಮೀಟರ್ ಮಷೀನಿನಲ್ಲಿ ಓಡಿಸುತ್ತೇವೆ. ಸಿಡಿ4 ಇದ್ದರೆ ಪರದೆಯ ಮೇಲೆ ಚುಕ್ಕಿಗಳ ಒಂದು ಗುಂಪು ಕಾಣುತ್ತದೆ.

ನನಗೆ ಆ ಜಾಗ ಪೂರಾ ಖಾಲಿ ಕಂಡಿತು. ಲಸಿಕೆ ಕೊಟ್ಟೆ, ವಾರಗಟ್ಟಲೆ ಕಾದೆ, ಸುಮಾರು 2,000 ಅಸಲಿ ಯೀಸ್ಟನ್ನು ಉಸಿರುನಾಳಕ್ಕೆ ಬಿಟ್ಟೆ. ಎರಡು ವಾರ ಕಳೆದು ಶ್ವಾಸಕೋಶ ಅರೆದು ಫಂಗಸ್ ಬೆಳೆಸುವ ಪ್ಲೇಟಿಗೆ ಹಾಕಿದೆ. ಲಸಿಕೆ ಇಲ್ಲದ ಇಲಿಗಳ ಪ್ಲೇಟಿನಲ್ಲಿ ಎಣಿಸಲಾಗದಷ್ಟು ಕಾಲೊನಿ, ಅಂದರೆ ಫಂಗಸ್ ಬೆಳೆದ ಚುಕ್ಕಿಗಳು, ಅನ್ನ ಚೆಲ್ಲಿದ ಹಾಗೆ. ಲಸಿಕೆ ಕೊಟ್ಟವುಗಳಲ್ಲಿ ಏಳು, ಹನ್ನೊಂದು, ಮೂರು. ಆ ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ಸಂತೋಷ.

ಒಂದೇ ಕೋಶವನ್ನು ಗುರುತಿಸುವ ಆಂಟಿಬಾಡಿಗಳಲ್ಲೂ ಬೇರೆ ಬೇರೆ ತಳಿ ಇವೆ, ಅವಕ್ಕೆ ಕ್ಲೋನ್ ಅನ್ನುತ್ತಾರೆ. ನಾನು ಬಣ್ಣಕ್ಕೆ ಹಾಕಿದ್ದ ಕ್ಲೋನ್ ಆರ್‌ಎಂ4-5. ಫ್ರಿಜ್ಜಿನಲ್ಲಿ ಅದೇ ಇತ್ತು, ಸುಮ್ನೆ ತೆಗೆದುಕೊಂಡಿದ್ದೆ.

ಇದನ್ನು ನಮ್ಮೂರಿನ ಬಸ್ಸಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಬಸ್ಸು ಸ್ಟ್ಯಾಂಡಿಗೆ ಬರುತ್ತಿದ್ದ ಹಾಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ? ಕೋಶ ಅಂದರೆ ಬಸ್ಸು. ಜಿಕೆ1.5 ಮೊದಲೇ ಹೋಗಿ ಒಂದು ಸೀಟಿಗೆ ಟವೆಲ್ ಹಾಕಿದೆ. ಆರ್‌ಎಂ4-5ಕ್ಕೂ ಬೇಕಾದ್ದು ಅದೇ ಸೀಟು. ಟವೆಲ್ ನೋಡಿ ಅದು ವಾಪಸ್ ಇಳಿದು ಬಂತು. ಮಷೀನು ಬಣ್ಣದ ಪ್ರಯಾಣಿಕನನ್ನು ನೋಡಿಯೇ ಬಸ್ಸು ಎಣಿಸುತ್ತದೆ. ಬಣ್ಣ ಇಲ್ಲ, ಹಾಗಾಗಿ ಬಸ್ಸೇ ಇಲ್ಲ ಅಂದಿತು. ಬಸ್ಸು ಅಲ್ಲೇ ನಿಂತಿತ್ತು. ಆರ್‌ಎಂ4-4 ಅನ್ನುವ ಇನ್ನೊಂದು ಕ್ಲೋನ್ ಕೂರುವುದು ಬೇರೆ ಸೀಟಿನಲ್ಲಿ. ಜಿಕೆ1.5 ಕೊಟ್ಟ ಇಲಿಯಲ್ಲಿ ಹಾಕಬೇಕಾದ್ದು ಅದನ್ನು. ಹೆಸರಿನಲ್ಲಿ ಒಂದು ಅಂಕಿ ವ್ಯತ್ಯಾಸ.

ಅದೇ ಬ್ಯಾಚಿನಲ್ಲಿ ಫಂಗಸ್ ಕೊಡದೆ ಉಳಿಸಿದ್ದ ಐದು ಇಲಿ ಇದ್ದವು. ಮಾರನೆ ದಿನ ಅವುಗಳ ರಕ್ತಕ್ಕೆ ಆರ್‌ಎಂ4-4 ಹಾಕಿದೆ. ಎರಡು ಇಲಿಯಲ್ಲಿ ಆ ಖಾಲಿ ಜಾಗದಲ್ಲಿ ಚುಕ್ಕಿಗಳ ಗುಂಪು ಎದ್ದು ಬಂತು. ಚಿಕ್ಕದು, ಆದರೆ ಸ್ಪಷ್ಟ. ಮ್ಯಾನೇಜರ್ ನನ್ನ ಹಿಂದೆ ನಿಂತಿದ್ದರು. “ಜಿಕೆ1.5 ಯಾವ ಬಾಟಲಿಯದು?” ಅಂದರು. ಹಳೇ ಬಾಟಲಿ. ಎಷ್ಟೋ ಸಲ ಕರಗಿಸಿ ಮತ್ತೆ ಫ್ರೀಜರಿಗೆ ಇಟ್ಟಿದ್ದು. ಕೆಲವು ಕೋಶಗಳಿಗೆ ಅಂಟಿಕೊಂಡಿತ್ತು, ಮುಗಿಸಿರಲಿಲ್ಲ. ನನ್ನ ಚಂದದ ಪ್ಲೇಟುಗಳನ್ನು ಕಾಪಾಡಿದ್ದು ಸಿಡಿ8 ಕೋಶಗಳಾ, ಉಳಿದಿದ್ದ ಸಿಡಿ4 ಕೋಶಗಳಾ? ಹೇಳುವ ದಾರಿಯೇ ಇರಲಿಲ್ಲ.

ಸಂಜೆಯೊಳಗೆ ನಮ್ಮ ಪ್ರೊಫೆಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಒಂದು ದಿನ ತಡ ಮಾಡಿದ್ದರೂ ಆ ಚಿತ್ರ ಗ್ರ್ಯಾಂಟ್ ಅರ್ಜಿಯೊಳಗೆ ಹೋಗುತ್ತಿತ್ತು. ಅವರು ಬೈಯಲಿಲ್ಲ. ಹೊಸ ಇಲಿಗಳ ಆರ್ಡರ್ ಫಾರಂ ತೆಗೆದು ಮುಂದಿಟ್ಟರು. ನನಗೆ ಅಳು ಬಂದದ್ದು ಆಗ. ಆ ಇಲಿಗಳೂ ಜೀವಗಳೇ. ಪಶುವೈದ್ಯ ಓದಿದ ನನ್ನ ಕೈಯಿಂದ ಒಂದು ಬ್ಯಾಚು ಸುಮ್ಮನೆ ಹೋಯಿತಲ್ಲ ಅನ್ನುವುದು ನಾಲ್ಕು ತಿಂಗಳು ಹೋದದ್ದಕ್ಕಿಂತ ಜಾಸ್ತಿ ಚುಚ್ಚುತ್ತದೆ, ಈಗಲೂ.

ಎರಡನೇ ಸಲ ಹೊಸ ಬಾಟಲಿ, ಆರ್‌ಎಂ4-4, ಪ್ರತಿ ಇಲಿಯ ರಕ್ತ ಎರಡು ಸಲ. ಚಿತ್ರದ ಕೆಳಗೆ ಕ್ಲೋನಿನ ಹೆಸರು ದೊಡ್ಡದಾಗಿ ಬರೆದೆ. ಸಿಡಿ8 ಕೋಶಗಳನ್ನೂ ತೆಗೆದ ಇನ್ನೊಂದು ಗುಂಪು ಇಟ್ಟೆ. ಮೊದಲ ಸಲವೇ ಇಡಬೇಕಿತ್ತು, ಇಲಿ ಉಳಿಸುವ ಆಸೆಗೆ ಬಿಟ್ಟಿದ್ದೆ. ಫಲ ಬಂದಾಗ ಏಳು, ಹನ್ನೊಂದು ಇರಲಿಲ್ಲ. ನೂರರ ಲೆಕ್ಕದಲ್ಲಿ ಕಾಲೊನಿ ಇದ್ದವು. ಆದರೂ ಲಸಿಕೆ ಇಲ್ಲದವುಗಳಿಗಿಂತ ಎಷ್ಟೋ ಪಾಲು ಕಡಿಮೆ. ಸಿಡಿ8 ಕೋಶಗಳನ್ನೂ ತೆಗೆದಿದ್ದ ಗುಂಪಿನಲ್ಲಿ ಪ್ಲೇಟು ಮತ್ತೆ ಅನ್ನ ಚೆಲ್ಲಿದ ಹಾಗೆ. ಕಾಪಾಡಿದ್ದು ಯಾರು ಅಂತ ಈಗ ಬೆರಳಿಟ್ಟು ತೋರಿಸಬಹುದು.

ಮಾವನಿಗೆ ವಿಡಿಯೋ ಕಾಲಿನಲ್ಲಿ ಆ ಎರಡು ಪ್ಲೇಟು ತೋರಿಸಿದೆ. ನಿಮಗೆ ಬಂದದ್ದು ಈ ಫಂಗಸ್ ಅಲ್ಲ, ಅದಕ್ಕೆ ಬೇರೆಯೇ ಲೆಕ್ಕ ಅಂತಲೂ ಹೇಳಿದೆ. ಅವರು ಬಲಗಣ್ಣನ್ನು ಪರದೆ ಹತ್ತಿರ ತಂದು ತುಂಬಾ ಹೊತ್ತು ನೋಡಿದರು. “ಕಡಿಮೆ ಇರೋದು ಯಾವುದು, ಎಡಗಡೇದಾ?” ಅಂದರು. ಹೌದು ಮಾವ, ಎಡಗಡೇದೇ.

ಈ ಸಿಡಿ8 ಕೋಶಗಳು ಎಷ್ಟು ಕಾಲ ಉಳಿಯುತ್ತವೆ ಅಂತ ನೋಡಲು ಮೂರನೇ ಬ್ಯಾಚು ಶುರುವಾಗಿದೆ. ಗುರುವಾರ ರಕ್ತ ತೆಗೆಯಬೇಕು. ಆರ್‌ಎಂ4-4ರ ಹೊಸ ಬಾಟಲಿ ಇವತ್ತು ಬೆಳಿಗ್ಗೆ ಬಂತು.