ಹಬ್ಬದ ದಿನ ಪೆನ್ಸಿಲ್ ಮುಟ್ಟದ ಹುಡುಗಿಗೆ ಚಿತ್ರಕಲೆ ಯಾಕೆ?

ನಾನು ಮೈಸೂರಿನವಳು. ಅಮೆರಿಕದ ಒಂದು ಕಾಲೇಜಿನಲ್ಲಿ ಚಿತ್ರಕಲೆ ಓದುತ್ತಿದ್ದೇನೆ. ನನ್ನ ರೂಮ್‌ಮೇಟ್ ಕೂಡ ಅದೇ ಕ್ಲಾಸು. ಯಹೂದಿ ಹುಡುಗಿ, ಶನಿವಾರದ ಶಬ್ಬಾತ್ ಅನ್ನುವ ವಿಶ್ರಾಂತಿ ದಿನ ಇರಲಿ, ಹಬ್ಬ ಇರಲಿ, ಕಟ್ಟುನಿಟ್ಟಾಗಿ ಪಾಲಿಸುವವಳು. ಅವಳ ವಿಷಯ ಬಂದಾಗೆಲ್ಲ ಊರಿನಲ್ಲಿರುವ ಅಮ್ಮನೂ ಕೇಳುತ್ತಾರೆ, ಇಲ್ಲಿನ ಸಹಪಾಠಿಗಳೂ ಕೇಳುತ್ತಾರೆ: "ಅಷ್ಟು ದಿನ ಪೆನ್ಸಿಲ್ ಮುಟ್ಟೋ ಹಾಗಿಲ್ಲ ಅಂದ್ರೆ ಅವಳು ಚಿತ್ರಕಲೆ ಯಾಕೆ ತಗೊಂಡಳು? ಅದೂ ಅಲ್ಲದೆ, ಮೂರ್ತಿ ಬೇಡ ಅನ್ನೋ ಧರ್ಮ ಅಲ್ವಾ ಅವರದು?"

ಮೂರ್ತಿಯ ಮಾತಿಗೆ ಬೇಗ ಉತ್ತರ ಕೊಟ್ಟುಬಿಡುತ್ತೇನೆ. ಪೂಜೆಗೆ ವಿಗ್ರಹ ಮಾಡಬಾರದು ಅನ್ನೋದು ನಿಜ. ಚಿತ್ರವನ್ನೇ ಬರೆಯಬಾರದು ಅಂತ ಅದರ ಅರ್ಥ ಅಲ್ಲ. ಎಷ್ಟರವರೆಗೆ ಸರಿ ಅನ್ನೋದರಲ್ಲಿ ಅವರವರಲ್ಲೇ ಬೇರೆ ಬೇರೆ ಅಭಿಪ್ರಾಯ ಇದ್ದದ್ದು ಹೌದು. ಸಿರಿಯಾದ ದುರಾ ಯೂರೋಪೋಸ್‌ನಲ್ಲಿ 1932ರಲ್ಲಿ ಅಗೆದಾಗ ಸಿಕ್ಕ ಮೂರನೇ ಶತಮಾನದ ಸಿನಗಾಗ್ ಅನ್ನುವ ಯಹೂದಿ ಪ್ರಾರ್ಥನಾಮಂದಿರದ ಗೋಡೆ ತುಂಬ ಪ್ರವಾದಿ ಮೋಶೆ ಮುಂತಾದವರ ಕಥೆಯ ಚಿತ್ರ ಬರೆದಿದ್ದಾರೆ, ಮುಖ ಸಮೇತ. ಆದರೆ ಜರ್ಮನಿಯಲ್ಲಿ 1300ರ ಸುಮಾರಿಗೆ ಮಾಡಿದ, ಯಹೂದಿಗಳ ಪಸ್ಕ ಹಬ್ಬದ ಒಂದು ಪುಸ್ತಕದಲ್ಲಿ ಬಹುತೇಕ ಮನುಷ್ಯರಿಗೆ ಮುಖದ ಬದಲು ಹಕ್ಕಿಯ ತಲೆ ಇದೆ. ಎರಡರ ಪ್ರಿಂಟೂ ನಮ್ಮ ರೂಮಿನ ಗೋಡೆ ಮೇಲಿವೆ. ಅವಳ ಸ್ವಂತ ಸ್ಕೆಚ್‌ಬುಕ್ಕಿನಲ್ಲಿ ಮುಖಗಳೇ ಜಾಸ್ತಿ. ಬಸ್ಸಿನಲ್ಲಿ ತೂಕಡಿಸುವವರ ಮುಖ ಬರೆಯೋದು ಅವಳಿಗೆ ತುಂಬ ಇಷ್ಟ.

ಇನ್ನು ಪೆನ್ಸಿಲ್ ವಿಷಯ. ಶುಕ್ರವಾರ ಸೂರ್ಯ ಮುಳುಗಲು 18 ನಿಮಿಷ ಇರುವಾಗ ಅವಳು ದೀಪ ಹಚ್ಚುತ್ತಾಳೆ. ಅಲ್ಲಿಂದ ಶನಿವಾರ ರಾತ್ರಿ ನಕ್ಷತ್ರ ಮೂಡುವವರೆಗೆ ಬರೆಯುವಂತಿಲ್ಲ, ಅಳಿಸುವಂತಿಲ್ಲ, ಬಣ್ಣ ಹಾಕುವಂತಿಲ್ಲ, ಹೊಲಿಯುವಂತಿಲ್ಲ. ಹೀಗೆ ಮಾಡಬಾರದ 39 ಕೆಲಸಗಳ ಪಟ್ಟಿ ಮಿಶ್ನಾ ಅನ್ನುವ ಹಳೆಯ ಗ್ರಂಥದಲ್ಲಿದೆ. ಉಪವಾಸದ ಯೋಮ್ ಕಿಪ್ಪೂರ್ ಬಿಟ್ಟರೆ ಉಳಿದ ದೊಡ್ಡ ಹಬ್ಬಗಳಲ್ಲಿ ಅಡುಗೆಗೆ ರಿಯಾಯಿತಿ ಉಂಟು, ಚಿತ್ರ ಬರೆಯೋದಕ್ಕೆ ಇಲ್ಲ.

ಆ ಪಟ್ಟಿ ಎಲ್ಲಿಂದ ಬಂತು ಅಂತ ತಿಳಿದುಕೊಂಡಾಗಲೇ ನನಗೆ ಅವಳು ಅರ್ಥ ಆಗಿದ್ದು. ಈಜಿಪ್ಟ್ ಬಿಟ್ಟು ಹೊರಟ ಜನ ಮರುಭೂಮಿಯಲ್ಲಿ ದೇವರಿಗೊಂದು ಗುಡಾರ ಕಟ್ಟಿದರಂತೆ. ಉಣ್ಣೆಗೆ ನೀಲಿ, ನೇರಳೆ, ಕೆಂಪು ಬಣ್ಣ ಹಾಕಿದರು. ನೇಯ್ದರು, ಹೊಲಿದರು, ಚರ್ಮ ಹದ ಮಾಡಿದರು. ಯಾವ ಹಲಗೆಯ ಪಕ್ಕ ಯಾವುದು ಬರಬೇಕು ಅಂತ ಗೊತ್ತಾಗಲು ಅದರ ಮೇಲೆ ಅಕ್ಷರ ಬರೆದರು. ಈ ಕೆಲಸಕ್ಕೆಲ್ಲ ಮುಂದಾಳು ಬೆತ್ಸಲೇಲ್ ಅನ್ನುವ ಕುಶಲಕರ್ಮಿ. 1906ರಲ್ಲಿ ಜೆರುಸಲೇಮಿನಲ್ಲಿ ಶುರುವಾದ ಕಲಾಶಾಲೆಗೆ ಇಟ್ಟಿರುವುದು ಅವನ ಹೆಸರೇ. ಆ ಗುಡಾರಕ್ಕೆ ಬೇಕಾದ ಕೆಲಸಗಳನ್ನು ಎಣಿಸಿಯೇ ಈ 39 ಅಂತ ಮಾಡಿದ್ದು. ಕೆಲಸ ಅಂದರೆ ಏನು ಅಂತ ತೀರ್ಮಾನಿಸಬೇಕಾದಾಗ ಅವರು ಕಲಾವಿದರ ಕೈಯನ್ನು ನೋಡಿದರು. ಸ್ವತಃ ದೇವರ ಮನೆ ಕಟ್ಟುತ್ತಿದ್ದರೂ ಆ ದಿನ ಕೈ ನಿಲ್ಲಬೇಕು. ಚಿತ್ರಕಲೆಗೆ ಇದಕ್ಕಿಂತ ದೊಡ್ಡ ಮರ್ಯಾದೆ ಎಲ್ಲಿ ಸಿಗುತ್ತೆ ಹೇಳಿ?

ಅಮ್ಮನಿಗೆ ಹೇಳೋದು ಸುಲಭ ಆಯ್ತು. ಆಯುಧಪೂಜೆ ದಿನ ನಮ್ಮ ಬೀದಿಯ ಬಡಗಿ ಉಳಿ, ಗರಗಸಕ್ಕೆ ಕುಂಕುಮ ಹಚ್ಚಿ, ಹೂ ಇಟ್ಟು ಪೂಜೆ ಮಾಡಿದರೆ ಮುಗೀತು, ಅವತ್ತು ಅವನ್ನು ಕೆಲಸಕ್ಕೆ ಎತ್ತುವುದಿಲ್ಲ. 2025ರಲ್ಲಿ ಇನ್ನೊಂದು ಚೆಂದ ಆಯಿತು. ಅಕ್ಟೋಬರ್ 1, ನಮಗೆ ಆಯುಧಪೂಜೆ. ಅದೇ ಸಂಜೆ ಅವಳಿಗೆ ಯೋಮ್ ಕಿಪ್ಪೂರ್ ಉಪವಾಸ ಶುರು. ನಮ್ಮದೂ ಅವರದೂ ಚಂದ್ರನನ್ನು ನೋಡಿ ನಡೆಯುವ ಪಂಚಾಂಗ. ಅವರ ತಿಶ್ರೀ ತಿಂಗಳ ಹತ್ತನೇ ದಿನ ಯೋಮ್ ಕಿಪ್ಪೂರ್, ನಮ್ಮ ಆಶ್ವೀಜದ ದಶಮಿ ವಿಜಯದಶಮಿ. ಅಧಿಕ ಮಾಸದ ಲೆಕ್ಕದಿಂದ ಕೆಲವು ವರ್ಷ ಒಂದು ತಿಂಗಳು ಹಿಂದೆ ಮುಂದೆ ಆಗುತ್ತೆ, ಆ ಸಲ ಸರಿಯಾಗಿ ಕೂಡಿ ಬಂದಿತ್ತು.

ಹಬ್ಬದ ದಿನ ಕೈ ಕಟ್ಟಿ ಕೂರುವವಳನ್ನು ನೀವು ಹಬ್ಬದ ಹಿಂದಿನ ವಾರ ನೋಡಬೇಕು. ಯೋಮ್ ಕಿಪ್ಪೂರ್ ಆಗಿ ಐದೇ ದಿನಕ್ಕೆ ಸುಕ್ಕೋತ್. ಬಯಲಿನಲ್ಲಿ ಚಪ್ಪರ ಹಾಕಿ ಏಳು ದಿನ ಅದರಲ್ಲಿ ಊಟ ಮಾಡುವ ಹಬ್ಬ. ಮೇಲೆ ಹೊದಿಸಲು ಕಡಿದ ಕೊಂಬೆ, ಜೋಳದ ದಂಟು ಇಂಥದ್ದೇ ಆಗಬೇಕು. ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು, ಆದರೂ ರಾತ್ರಿ ಸಂದಿಯಲ್ಲಿ ನಕ್ಷತ್ರ ಕಂಡರೆ ಒಳ್ಳೆಯದು. ಅದನ್ನು ಚೆಂದ ಮಾಡಬೇಕು ಅನ್ನೋದು ಧರ್ಮದ ಮಾತೇ. ದಾಳಿಂಬೆ, ದ್ರಾಕ್ಷಿ, ತೆನೆಗಳನ್ನು ತೂಗುಹಾಕುವ ವಿಷಯ ಅವರ ಧರ್ಮಗ್ರಂಥ ತಾಲ್ಮುಡ್‌ನಲ್ಲೇ ಇದೆ.

ಕಳೆದ ವರ್ಷ ಅವಳು ಮಾಡಿದ್ದು ಕಾಗದ ಕತ್ತರಿಸುವ ಕಲೆ. ಪೂರ್ವ ಯೂರೋಪಿನ ಯಹೂದಿಗಳು ಮನೆಯ ಗೋಡೆಗೆ, ಕಿಟಕಿಗೆ ಮಾಡುತ್ತಿದ್ದದ್ದು. ಬಿಳಿ ಹಾಳೆಯನ್ನು ನಡುವೆ ಮಡಚಿ ಹಲಗೆಗೆ ಪಿನ್ ಹೊಡೆದಳು. ಸಣ್ಣ ಚಾಕುವಿನಲ್ಲಿ ಎರಡು ಪದರವನ್ನೂ ಒಟ್ಟಿಗೆ ಕೊರೆಯುತ್ತಾ ಹೋದಳು. ಒಳಗಿನ ಚಿಕ್ಕ ಚಿಕ್ಕ ತೂತು ಮೊದಲು, ದೊಡ್ಡ ಜಾಗ ಕೊನೆಗೆ. ಇಲ್ಲದಿದ್ದರೆ ಕಾಗದ ಬಲ ಕಳೆದುಕೊಂಡು ಹರಿಯುತ್ತೆ. ಬಿಡಿಸಿದಾಗ ಎದುರುಬದುರು ಎರಡು ಸಿಂಹ, ಎರಡು ಜಿಂಕೆ, ಸುತ್ತ ಬಳ್ಳಿ. ಹೀಬ್ರೂ ಅಕ್ಷರಗಳನ್ನು ಮಾತ್ರ ಬಿಡಿಸಿದ ಮೇಲೆಯೇ ಕತ್ತರಿಸಬೇಕು, ಮಡಿಕೆಯಲ್ಲಿ ಕತ್ತರಿಸಿದರೆ ಒಂದು ಬದಿ ತಿರುಗುಮುರುಗು ಆಗುತ್ತೆ. ಅಕ್ಷರ ಮುಗಿಸಿ, ಜಿಂಕೆಗಳ ಕೊಂಬಿನ ಒಳಗೆ ನವಿರಾದ ಗೆರೆ ತೆಗೆಯುತ್ತಿದ್ದಳು. ಒಂದು ಜಿಂಕೆಯದ್ದು ಮುಗಿಯಿತು. ಗಡಿಯಾರ ನೋಡಿ ಚಾಕು ಕೆಳಗಿಟ್ಟಳು. "ನಾನು ಮುಗಿಸಿಕೊಡಲಾ?" ಅಂದೆ. ಬೇಡ ಅಂದಳು. ತಾನು ಮಾಡಬಾರದ್ದನ್ನು ತನಗೋಸ್ಕರ ಇನ್ನೊಬ್ಬರ ಕೈಲಿ ಮಾಡಿಸುವುದೂ ಸಲ್ಲದು. ಹಾಗೇ ಪ್ಲಾಸ್ಟಿಕ್ ಹಾಳೆಯೊಳಗೆ ಸೇರಿಸಿ, ನಾವೆಲ್ಲ ಓಡಿಹೋಗಿ ಕತ್ತಲಾಗುವ ಮುಂಚೆ ಚಪ್ಪರದಲ್ಲಿ ಕಟ್ಟಿದೆವು. ಒಂದು ಜಿಂಕೆಯ ಕೊಂಬು ಬೋಳು. ಊಟಕ್ಕೆ ಬಂದವರು ಕೇಳಿದಾಗ ಅವಳು ನಗುತ್ತಾ "ಹಬ್ಬ ಬಂತು" ಅನ್ನುತ್ತಿದ್ದಳು. ಡೆಡ್‌ಲೈನ್ ಅಂದರೆ ಜೀವ ಹೋಗುವಂತೆ ಆಡುವ ನಮ್ಮ ಕ್ಲಾಸಿನಲ್ಲಿ ಅಷ್ಟು ನೆಮ್ಮದಿಯಾಗಿ ಕೆಲಸ ಕೆಳಗಿಡುವವರನ್ನು ನಾನು ಬೇರೆ ನೋಡಿಲ್ಲ.

ಹಾಗಂತ ಅವಳಿಗೆ ಕಷ್ಟ ಇಲ್ಲ ಅಂತಲ್ಲ. ಇಸ್ರೇಲಿನ ಹೊರಗಿರುವವರಿಗೆ ತಿಶ್ರೀ ತಿಂಗಳಲ್ಲಿ ಕೆಲಸ ನಿಲ್ಲಿಸುವ ಹಬ್ಬದ ದಿನ ಒಟ್ಟು ಏಳು. 2025ರಲ್ಲಿ ಏಳೂ ಮಂಗಳವಾರದಿಂದ ಗುರುವಾರದ ಒಳಗೇ ಬಿದ್ದವು. ಮೊದಲೇ ತಿಳಿಸಿದ್ದರೂ ಒಬ್ಬ ಮೇಷ್ಟ್ರು ಅಂಕ ಕಳೆದರು. ಅದು ಸರಿ ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ತಪ್ಪಿದ ಕ್ಲಾಸಿನ ನೋಟ್ಸ್ ನಾವು ಮೂವರು ಹಂಚಿಕೊಂಡು ಬರೆದೆವು. ಅಂಥ ದಿನಗಳಲ್ಲಿ ಅವಳ ಫೋನ್ ಆಫ್ ಆಗಿರುತ್ತಲ್ಲ, ಏನಿದ್ದರೂ ಬಾಗಿಲು ತಟ್ಟಿಯೇ ಹೇಳಬೇಕು. ಅದರಿಂದಲೇ ಶನಿವಾರ ಮಧ್ಯಾಹ್ನ ನಮ್ಮ ರೂಮಿನಲ್ಲಿ ಜನ ಜಾಸ್ತಿ. ತಟ್ಟಲು ಬಂದವರು ಕೂತುಬಿಡುತ್ತಾರೆ, ಯಾರೂ ಫೋನ್ ತೆಗೆಯುವುದಿಲ್ಲ.

2026ರಲ್ಲಿ ಪಂಚಾಂಗ ಅವಳ ಕಡೆಗಿದೆ. ಏಳರಲ್ಲಿ ಆರು ಶನಿವಾರ, ಭಾನುವಾರವೇ ಬರುತ್ತವೆ. ಕ್ಲಾಸಿನ ದಿನಕ್ಕೆ ಬೀಳುವುದು ಯೋಮ್ ಕಿಪ್ಪೂರ್ ಒಂದೇ, ಸೆಪ್ಟೆಂಬರ್ 21ರ ಸೋಮವಾರ. ಸುಕ್ಕೋತ್ ಶುರು ಸೆಪ್ಟೆಂಬರ್ 25ರ ಶುಕ್ರವಾರ ಸಂಜೆ. ಈ ಸಲ ಹಾಳೆಯನ್ನು ಬುಧವಾರವೇ ಮಡಚುತ್ತೇನೆ ಅಂದಿದ್ದಾಳೆ.