ಆ ಒಂದು ಸಾಲಿಗೆ ಮಗಳು ಬಾಯಿ ಬಿಡಲಿಲ್ಲ

ನಮ್ಮಲ್ಲಿ ರಾತ್ರಿ ಮಲಗುವ ಮುಂಚೆ ಕುಟುಂಬ ಪ್ರಾರ್ಥನೆ. ಬೈಬಲಿನ ಒಂದು ಸಣ್ಣ ಭಾಗ ಓದುತ್ತೇವೆ. ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ, ಅಂದರೆ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆ ಹೇಳುತ್ತೇವೆ. ಅವತ್ತು "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ" ಅನ್ನುವ ಸಾಲಿಗೆ ಬಂದಾಗ ಮಗಳ ದನಿ ನಿಂತಿತು. ಮುಂದಿನ ಸಾಲಿಗೆ ಮತ್ತೆ ಸೇರಿಕೊಂಡಳು.

ಆಮೆನ್ ಆದಮೇಲೆ ಯಾಕೆ ಅಂತ ಕೇಳಿದೆ.

"ದೇವರ ಹತ್ರ ಸುಳ್ಳು ಹೇಳಬಾರದು ಅಲ್ವಾ ಅಮ್ಮ? ನಾನಿನ್ನೂ ಇವನನ್ನ ಕ್ಷಮಿಸಿಲ್ಲ."

ಇವನು ಅಂದರೆ ತಮ್ಮ. ಅವಳ ಚಿತ್ರದ ಪುಸ್ತಕದಿಂದ ಹಾಳೆ ಕಿತ್ತು ವಿಮಾನ ಮಾಡಿದ್ದ. ರಜೆಯಲ್ಲೆಲ್ಲ ಕೂತು ಬಣ್ಣ ತುಂಬಿದ್ದ ಚಿತ್ರ ಅದು.

ನನಗೆ ನಿಜಕ್ಕೂ ಖುಷಿಯಾಯಿತು. ಬಾಯಿಪಾಠ ಮಾಡಿದ ಮಾತಿಗೆ ಅರ್ಥ ಇದೆ ಎಂದು ನಂಬಿದ ಮಗು ಮಾತ್ರ ಅಲ್ಲಿ ತಡೆಯುತ್ತದೆ. "ಹೋಗ್ಲಿ ಬಿಡು, ಕ್ಷಮಿಸಿದೆ ಅನ್ನು" ಎಂದು ಒತ್ತಾಯ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಸಂಡೇ ಸ್ಕೂಲಿನ ಟೀಚರುಗಳು ಬೈಬಲಿನ ವಚನಗಳನ್ನು ಚೆನ್ನಾಗಿಯೇ ಕಲಿಸುತ್ತಾರೆ. ಆದರೆ ಜಗಳ ಆಗುವುದು ಮನೆಯಲ್ಲಿ. ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಹೇಳಿಕೊಡಿ ಎಂದು ಬೈಬಲಿನ ಧರ್ಮೋಪದೇಶಕಾಂಡದ 6ನೇ ಅಧ್ಯಾಯ ಹೇಳುವುದು ಸುಮ್ಮನೆ ಅಲ್ಲ.

ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ತೆಗೆದೆವು. ಏಳು ಸಲ ಕ್ಷಮಿಸಿದರೆ ಸಾಕಾ ಎಂದು ಶಿಷ್ಯ ಪೇತ್ರ ಕೇಳಿದಾಗ ಯೇಸುಸ್ವಾಮಿ ಹೇಳಿದ ಸಾಮ್ಯ, ಅಂದರೆ ನೀತಿಕಥೆ, ಅಲ್ಲಿದೆ. ಒಬ್ಬ ಆಳು ರಾಜನಿಗೆ 10,000 ತಲಾಂತು ಸಾಲ ಕೊಡಬೇಕು. ಇದೇ ಆಳಿಗೆ ಇನ್ನೊಬ್ಬ ಆಳಿನಿಂದ ಬರಬೇಕಾದದ್ದು 100 ದಿನಾರಿ. ರಾಜ ಇವನ ಸಾಲ ಬಿಟ್ಟ, ಇವನು ಮಾತ್ರ ಆ ಇನ್ನೊಬ್ಬನನ್ನು ಬಿಡಲಿಲ್ಲ, ಅದಕ್ಕೆ ರಾಜನಿಗೆ ಸಿಟ್ಟು ಬಂತು. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ, ಒಂದು ತಲಾಂತು ಸುಮಾರು 6,000 ದಿನಾರಿ ಎಂದೆ. ಅವಳು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಸೊನ್ನೆ ಎಣಿಸುತ್ತಾ ಗುಣಿಸಿದಳು. 6 ಕೋಟಿ ದಿನದ ಕೂಲಿ! ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು. ಇನ್ನೊಬ್ಬನ ಸಾಲ ನಾಲ್ಕು ತಿಂಗಳಿನಲ್ಲಿ ತೀರುವಂಥದ್ದು. ಆ ಎರಡು ಲೆಕ್ಕಗಳನ್ನೇ ಅವಳು ತುಂಬಾ ಹೊತ್ತು ನೋಡುತ್ತಿದ್ದಳು. ಆಮೇಲೆ ಕೇಳಿದಳು:

"ಹಾಗಾದ್ರೆ ಇವನನ್ನ ಕ್ಷಮಿಸೋ ತನಕ ದೇವರು ನನ್ನ ಕ್ಷಮಿಸಲ್ವಾ?"

ಕಷ್ಟದ ಪ್ರಶ್ನೆ. ಮತ್ತಾಯ 6ರ 15ನೇ ವಚನ ಹೆಚ್ಚುಕಮ್ಮಿ ಹಾಗೇ ಹೇಳುತ್ತದೆ. ಅದನ್ನು ಮಗುವಿಗೆ ಮುಚ್ಚಿಡಲು ನನಗೆ ಇಷ್ಟವಿಲ್ಲ, ಹೆದರಿಸಲೂ ಇಷ್ಟವಿಲ್ಲ. ಕಥೆಯಲ್ಲಿ ಯಾವುದು ಮೊದಲು ಆಯಿತು ನೋಡು ಎಂದೆ. ಆಳು ಕೇಳಿದ್ದು ಸ್ವಲ್ಪ ಸಮಯ ಮಾತ್ರ. ರಾಜ ಪೂರ್ತಿ ಸಾಲವನ್ನೇ ಬಿಟ್ಟುಬಿಟ್ಟ. ಅಷ್ಟು ದೊಡ್ಡ ಕ್ಷಮೆ ಸಿಕ್ಕಿದ ಮೇಲೂ ಹೊರಗೆ ಹೋಗಿ ಇನ್ನೊಬ್ಬನ ಕುತ್ತಿಗೆ ಹಿಡಿದನಲ್ಲ, ರಾಜನಿಗೆ ಸಿಟ್ಟು ಬಂದದ್ದು ಅದಕ್ಕೆ.

"ಕ್ಷಮಿಸಿದ್ರೆ ಇವನು ಮತ್ತೆ ನನ್ನ ಪುಸ್ತಕ ಮುಟ್ಟಬಹುದಾ?"

"ಇಲ್ಲ. ನಿನ್ನನ್ನ ಕೇಳಿಯೇ ತಗೋಬೇಕು." ಇದನ್ನು ತಮ್ಮನಿಗೂ ಕೇಳಿಸುವಂತೆ ಹೇಳಿದೆ. ಕ್ಷಮಿಸುವುದೆಂದರೆ ಎಲ್ಲವನ್ನೂ ಸಹಿಸಿಕೊಂಡಿರುವುದು ಎಂದು ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು ಕಲಿಯಬಾರದು.

ಆಗ ಅವಳೇ ಕಣ್ಣು ಮುಚ್ಚಿ, "ದೇವರೇ, ನಂಗೆ ಕ್ಷಮಿಸೋಕೆ ಮನಸ್ಸಿಲ್ಲ. ಮನಸ್ಸು ಬರೋ ಹಾಗೆ ಮಾಡು" ಎಂದಳು. ಇಂಥ ಪ್ರಾರ್ಥನೆಗಳು ಬೈಬಲಿನ ಕೀರ್ತನೆಗಳಲ್ಲಿ ಬೇಕಾದಷ್ಟಿವೆ, ದಾವೀದ ನೇರವಾಗಿ "ಎಲ್ಲೀ ತನಕ ನನ್ನನ್ನು ಮರೆತಿರುತ್ತೀ?" ಎಂದೇ ದೇವರನ್ನು ಕೇಳುತ್ತಾನೆ ಎಂದಾಗ ಅವಳಿಗೆ ಆಶ್ಚರ್ಯ. ಈಗ ರಾತ್ರಿ ಕೀರ್ತನೆಗಳನ್ನೇ ಓದುತ್ತಿದ್ದೇವೆ. ಮಗಳು ಮೊದಲು ಆರಿಸಿದ್ದು ಆ ಸಾಲಿರುವ 13ನೆಯದನ್ನೇ. ಮಗ 117 ಬೇಕೆಂದ, ಅದರಲ್ಲಿ ಎರಡೇ ವಚನ.